ಶಿರಸಿಯ ಅನಂತ ಕಾರವಾರದ ಮರಳಿನಲ್ಲಿ: ಮೂರು ಮಳೆಗಾಲದ ದಾಖಲೆ

ಶಿರಸಿಯ ಸಮೀಪದ ಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಯ ಅಂಗಳದ ಮೂಲೆಯಲ್ಲಿ ಆಳೆತ್ತರವನ್ನೂ ಮೀರಿ ಬೆಳೆದ ಒಂದು ಅನಂತದ ಗಿಡವಿತ್ತು. ವರ್ಷವಿಡೀ ಎಲೆ ಉದುರಿಸದೆ ಕಡುಹಸಿರಾಗಿ ಹೊಳೆಯುತ್ತಿದ್ದ ಆ ಗಿಡದಲ್ಲಿ ಬೇಸಿಗೆಯ ಕೊನೆಗೆ ಹೂ ಬಿಟ್ಟಿತೆಂದರೆ ಸಂಜೆಯ ಹೊತ್ತಿಗೆ ಪರಿಮಳ ಜಗಲಿ ದಾಟಿ ಒಳಮನೆಯವರೆಗೂ ಬರುತ್ತಿತ್ತು. 2022ರ ಮೇ ತಿಂಗಳಲ್ಲಿ ಅಡಿಕೆ ಒಣಗಿಸುವ ಅಂಗಳವನ್ನು ಹಿಗ್ಗಿಸಿ ಸಿಮೆಂಟ್ ಹಾಕಿಸುವುದೆಂದು ಮನೆಯವರು ನಿಶ್ಚಯಿಸಿದಾಗ ಗಿಡ ಆ ಅಳತೆಯೊಳಗೆ ಬಂತು. ನವರಾತ್ರಿ ಮುಗಿದ ಮೇಲೆ ಕೆಲಸ ಆರಂಭವಾಗುವುದಿತ್ತು. ಬುಡಸಮೇತ ಕಿತ್ತು ಬೇರೆಡೆ ನೆಡಬಹುದೇ ಎಂದು ಒಂದು ಬದಿಯಲ್ಲಿ ಅಗೆದು ನೋಡಿದೆ. ಬೇರುಗಳು ಚಿರೇಕಲ್ಲಿನ ಬಿರುಕುಗಳೊಳಗೆ ಇಳಿದಿದ್ದವು. ಮಣ್ಣಿನ ಮುದ್ದೆಯೊಡನೆ ಅವನ್ನು ಎತ್ತುವುದು ಸಾಧ್ಯವಿರಲಿಲ್ಲ. ಹೀಗಾಗಿ ಒಂದೇ ಮಳೆಗಾಲದ ಅವಧಿಯಲ್ಲಿ ಅದರ ಸಂತತಿಯನ್ನು ಮಾಡಿಕೊಂಡು ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಗೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಗಿಡದ ಗುರುತಿನ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಇಲ್ಲಿ ತಪ್ಪಾದರೆ ಮುಂದಿನದೆಲ್ಲ ವ್ಯರ್ಥ. ನಮ್ಮ ಕರಾವಳಿಯಲ್ಲಿ ಕೊಂಕಣಿಯವರೂ ನಾವೂ ಅನಂತ ಎನ್ನುವ ಈ ಗಿಡ ನರ್ಸರಿಗಳಲ್ಲಿ ಗಾರ್ಡೇನಿಯಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಸಸ್ಯಶಾಸ್ತ್ರದಲ್ಲಿ ಗಾರ್ಡೇನಿಯಾ ಜಾಸ್ಮಿನಾಯ್ಡಿಸ್. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಗಾರ್ಡನ್ ಎಂಬವನ ಹೆಸರನ್ನು 18ನೇ ಶತಮಾನದಲ್ಲಿ ಈ ಕುಲಕ್ಕೆ ಇಡಲಾಯಿತು. ಸುತ್ತುಹೂವಿನ ನಂದಿಬಟ್ಟಲನ್ನು ಅನಂತವೆಂದು ತಿಳಿದು ತಂದವರನ್ನು ನಾನು ಕಂಡಿದ್ದೇನೆ. ಒಂದು ಎಲೆಯನ್ನು ತೊಟ್ಟಿನಲ್ಲಿ ಮುರಿದು ನೋಡಿದರೆ ಸಾಕು: ನಂದಿಬಟ್ಟಲಲ್ಲಿ ಬಿಳಿಯ ಹಾಲು ಒಸರುತ್ತದೆ, ಅನಂತದಲ್ಲಿ ಒಸರುವುದಿಲ್ಲ. ಅನಂತ ಕಾಫಿ ಮತ್ತು ಕೇಪಳದ ಕುಟುಂಬಕ್ಕೆ ಸೇರಿದ ಗಿಡ. ಅದರ ಮೂಲ ದಕ್ಷಿಣ ಚೀನಾ ಮತ್ತು ಅದರ ನೆರೆಯ ಮಳೆಯ ಸೀಮೆಗಳು. ಕಾಫಿಗೆ ಒಗ್ಗುವ, ಎಲೆಗೊಬ್ಬರ ತುಂಬಿದ, ತುಸು ಹುಳಿಯಾದ ಮಣ್ಣೇ ಇದಕ್ಕೂ ಒಗ್ಗುತ್ತದೆ ಎಂಬ ಒಂದು ಮಾತನ್ನು ನಾನು ಆರಂಭದಲ್ಲಿಯೇ ಸರಿಯಾಗಿ ಗ್ರಹಿಸಿದ್ದರೆ ಮುಂದೆ ಬಂದ ಕಷ್ಟಗಳಲ್ಲಿ ಅರ್ಧದಷ್ಟು ತಪ್ಪುತ್ತಿತ್ತು.

ಚಿಕ್ಕಮ್ಮನ ಮನೆಯ ಗಿಡದ್ದು ಸುತ್ತುಸುತ್ತಾಗಿ ದಳಗಳಿರುವ ಹೂ. ಅದರಲ್ಲಿ ಎಂದೂ ಕಾಯಿ ಕಟ್ಟಿದ್ದನ್ನು ನಾವು ನೋಡಿಲ್ಲವಾದ್ದರಿಂದ ಬೀಜದ ಮಾತೇ ಇರಲಿಲ್ಲ. ಉಳಿದ ದಾರಿಗಳು ಎರಡು: ಕೊಂಬೆಯ ತುಂಡನ್ನು ಕತ್ತರಿಸಿ ಊರುವ ಕಡ್ಡಿ, ಮತ್ತು ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವ ಗೂಟಿ. ಎರಡನ್ನೂ ಮಾಡಿದೆ.

ಮೃಗಶಿರಾ ಮಳೆ ಹಿಡಿದ ವಾರದಲ್ಲಿ, ಜೂನ್ 12ರಂದು, ಪೆನ್ಸಿಲ್ ದಪ್ಪದ ಐದು ಕೊಂಬೆಗಳನ್ನು ಆರಿಸಿ ಗೂಟಿ ಕಟ್ಟಿದೆ. ತುದಿಯಿಂದ ಸುಮಾರು ಒಂದೂವರೆ ಅಡಿ ಕೆಳಗೆ, ಗೆಣ್ಣಿಗೆ ತಾಗಿ, ಎರಡು ಸೆಂಟಿಮೀಟರ್ ಅಗಲದ ಉಂಗುರದಷ್ಟು ತೊಗಟೆಯನ್ನು ಸುಲಿದು, ಒಳಗಿನ ಮರದ ಮೇಲೆ ಉಳಿದಿದ್ದ ಲೋಳೆಯಂಥ ಹಸಿ ಪದರವನ್ನು ಚಾಕುವಿನ ಬೆನ್ನಿನಿಂದ ಕೆರೆದು ಒರೆಸಿದೆ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕವೇ ಕೆಳಗಿಳಿಯುವುದರಿಂದ, ದಾರಿ ಕಡಿದ ಜಾಗದ ಮೇಲಂಚಿನಲ್ಲಿ ಅದು ನಿಂತು, ಅಲ್ಲಿಯೇ ಬೇರು ಮೂಡುತ್ತದೆ. ಆ ಹಸಿ ಪದರ ಒಂದು ಕಡೆ ಉಳಿದರೂ ತೊಗಟೆ ಮತ್ತೆ ಬೆಸೆದುಕೊಂಡು ದಾರಿ ತೆರೆಯುತ್ತದೆ. ನೀರು ಮೇಲೇರುವುದು ಒಳಗಿನ ಮರದ ಮೂಲಕವಾದ್ದರಿಂದ ಕೊಂಬೆ ಈ ಅವಧಿಯಲ್ಲಿ ಬಾಡುವುದಿಲ್ಲ. ಗಾಯದ ಮೇಲಂಚಿಗೆ ಬೇರು ಬರಿಸುವ ಐಬಿಎ ಪುಡಿಯನ್ನು ತೆಳ್ಳಗೆ ಹಚ್ಚಿ, ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ ಮತ್ತು ತೆಂಗಿನ ನಾರಿನ ಪುಡಿಯನ್ನು ಮುಷ್ಟಿಗಾತ್ರದ ಉಂಡೆಯಾಗಿ ಅದುಮಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಎರಡೂ ತುದಿಗಳನ್ನು ಸುತಳಿಯಿಂದ ಬಿಗಿದೆ. ಮಳೆಯ ನೀರು ಕೊಂಬೆಯ ಗುಂಟ ಇಳಿದು ಮೇಲಿನ ಕಟ್ಟಿನ ಮೂಲಕ ಒಳಗೆ ಸೇರುತ್ತದೆಂದು ತಿಳಿದು, ಒಂದೊಂದು ಉಂಡೆಯ ಮೇಲೂ ಅಡಿಕೆ ಹಾಳೆಯ ತುಂಡನ್ನು ಮಾಡಿನಂತೆ ಇಳಿಜಾರಾಗಿ ಕಟ್ಟಿದೆ. ನಮ್ಮ ಕಡೆಯ ಮಳೆಗೆ ಇದು ಬೇಕೇ ಬೇಕು. ಇಲ್ಲವಾದರೆ ಉಂಡೆ ನೀರಿನ ಚೀಲವಾಗುತ್ತದೆ.

ಕಡ್ಡಿಯ ವಿಷಯದಲ್ಲಿ ನನ್ನ ಮೊದಲ ಪ್ರಯತ್ನ ಸಂಪೂರ್ಣವಾಗಿ ಕೆಟ್ಟಿತು. ಆರಿದ್ರಾ ಮಳೆಯಲ್ಲಿ ನೆಟ್ಟದ್ದು ಯಾವುದೂ ಹುಸಿಹೋಗದೆಂಬ ನಂಬಿಕೆಯಿಂದ ಜೂನ್ ಕೊನೆಗೆ 24 ಕಡ್ಡಿಗಳನ್ನು ಕತ್ತರಿಸಿ, ಕೆಮ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಸಮಸಮವಾಗಿ ತುಂಬಿದ ಚೀಲಗಳಲ್ಲಿ ಊರಿ, ಮೇಲೆ ಪಾಲಿಥೀನ್ ಹಾಳೆ ಮುಚ್ಚಿದೆ. ಹತ್ತು ದಿನ ಎಲೆಗಳು ಹಸಿರಾಗಿಯೇ ಇದ್ದವು. ಹದಿನೈದನೆಯ ದಿನ ಒಂದನ್ನು ಮೆಲ್ಲಗೆ ಎಳೆದಾಗ ಕೆಳತುದಿ ಕಪ್ಪಾಗಿ ಮೆತ್ತಗಾಗಿತ್ತು. ತಿಂಗಳು ತುಂಬುವಷ್ಟರಲ್ಲಿ 22 ಕಡ್ಡಿಗಳು ಕೊಳೆತಿದ್ದವು. ಉಳಿದ ಎರಡು ಚೀಲಗಳನ್ನು ಪರೀಕ್ಷಿಸಿದಾಗ ಅವು ಚಪ್ಪರದ ಅಂಚಿನಲ್ಲಿದ್ದು, ಹಾಳೆ ಗಾಳಿಗೆ ಸರಿದು ಅರ್ಧ ತೆರೆದಿದ್ದುದು ಕಂಡಿತು. ಕಾರಣ ಅಲ್ಲಿಯೇ ಇತ್ತು. ಹೊರಗಿನ ಗಾಳಿಯೇ ತೇವದಿಂದ ತುಂಬಿರುವ ಆಷಾಢದಲ್ಲಿ ಪಾಲಿಥೀನ್ ಹಾಳೆಯಿಂದ ಉಪಯೋಗವಿಲ್ಲ. ಒದ್ದೆಯಾಗಿ ಅಂಟಿಕೊಂಡ ಜೇಡಿಯಲ್ಲಿ ಗಾಳಿಯಾಡುವುದಿಲ್ಲ. ಬೇರು ಇನ್ನೂ ಮೂಡದ ಗಾಯಕ್ಕೆ ಗೊಬ್ಬರ ಆಹಾರವಾಗುವುದಕ್ಕಿಂತ ಮೊದಲು ಬೂಷ್ಟಿಗೆ ಆಹಾರವಾಗುತ್ತದೆ. ಜೂನ್‌ನ ಚಿಗುರು ಎಳೆಯದಾಗಿದ್ದುದೂ ಒಂದು ತಪ್ಪು. ಕೊಳೆತ ಕಡ್ಡಿಗಳನ್ನು ನೋಡಿದ ಚಿಕ್ಕಮ್ಮ, "ನೀರು ಹೆಚ್ಚಾತು ತಮಾ, ಅದಕ್ಕೆ ಉಸಿರಾಡಲೂ ಬಿಡವು" ಎಂದರು. ಈ ಕೆಲಸದ ಉದ್ದಕ್ಕೂ ನನಗೆ ಮತ್ತೆಮತ್ತೆ ಎದುರಾದದ್ದು ಇದೇ ಮಾತು.

ಎರಡನೆಯ ತಂಡವನ್ನು ಮಘಾ ಮಳೆ ಇಳಿಮುಖವಾದ ಮೇಲೆ, ಆಗಸ್ಟ್ 27ರಂದು ಮಾಡಿದೆ. ಈ ಬಾರಿ ಬಗ್ಗಿಸಿದರೆ ಬಾಗಿ, ಇನ್ನೂ ಬಗ್ಗಿಸಿದರೆ ಸಣ್ಣ ಸದ್ದಿನೊಡನೆ ಮುರಿಯುವ, ಹಸಿರು ಕಳೆದು ಕಂದಾಗಲು ತೊಡಗಿದ ಕಡ್ಡಿಗಳನ್ನು ಮಾತ್ರ ಆರಿಸಿದೆ. ಒಂದೊಂದೂ ಹನ್ನೆರಡು ಸೆಂಟಿಮೀಟರ್ ಉದ್ದ; ಕೆಳಗಿನ ಕೊಯ್ತ ಗೆಣ್ಣಿನ ನೇರ ಕೆಳಗೆ; ಮೇಲೆ ಎರಡು ಜೊತೆ ಎಲೆಗಳು, ಅವೂ ಅರ್ಧಕ್ಕೆ ಕತ್ತರಿಸಿದವು. ಹೊಳೆಮರಳನ್ನು ಮೂರು ಸಲ ತೊಳೆದೆ. ನಾರಿನ ಪುಡಿಯಲ್ಲಿ ಉಪ್ಪಿರುವುದರಿಂದ ಅದನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಮತ್ತೆ ನೆನೆಸಿ, ಬಸಿದ ನೀರಿನ ಕಂದು ಬಣ್ಣ ತಿಳಿಯಾಗುವ ತನಕ ಹಾಗೆಯೇ ಮಾಡಿದೆ. ಎರಡನ್ನೂ ಸಮವಾಗಿ ಬೆರೆಸಿ, ಗೊಬ್ಬರವನ್ನು ಒಂದು ಚಿಟಿಕೆಯೂ ಸೇರಿಸದೆ, ತಳದಲ್ಲಿ ತೂತುಗಳಿರುವ ತಟ್ಟೆಯಲ್ಲಿ ತುಂಬಿದೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಿಸುವಷ್ಟು ತೇವ ಸಾಕು. ಐಬಿಎ ಪುಡಿಯಲ್ಲಿ ತುದಿ ಅದ್ದಿ, ಕೊಡವಿ, ಮೊದಲೇ ಕಡ್ಡಿಯಿಂದ ಚುಚ್ಚಿದ ರಂಧ್ರದಲ್ಲಿ ಇಳಿಸಿದೆ. ನೇರವಾಗಿ ಒತ್ತಿದರೆ ಪುಡಿ ಅಂಚಿನಲ್ಲಿಯೇ ಉಳಿಯುತ್ತದೆ. ಕೊಟ್ಟಿಗೆಯ ಪೂರ್ವಕ್ಕೆ, ಮಳೆ ಬೀಳದ ಆದರೆ ಬೆಳಕು ಬೀಳುವ ಮಾಡಿನ ಕೆಳಗೆ ತಟ್ಟೆಯನ್ನಿಟ್ಟು, ಪಾಲಿಥೀನ್ ಬದಲು ನೆರಳು ಪರದೆಯನ್ನು ಕಟ್ಟಿದೆ. ಏಳನೆಯ ವಾರದಲ್ಲಿ 20ರಲ್ಲಿ 13 ಕಡ್ಡಿಗಳು ಎಳೆದರೆ ತಡೆಯುವಷ್ಟು ಬೇರು ಬಿಟ್ಟಿದ್ದವು.

ಗೂಟಿಯ ಉಂಡೆಗಳಲ್ಲಿ ಆಗಸ್ಟ್ ಮೊದಲ ವಾರಕ್ಕೇ ಪ್ಲಾಸ್ಟಿಕ್ಕಿನ ಒಳಗಿನಿಂದ ಬಿಳಿಯ ಬೇರುಗಳು ಕಂಡವು. ಆಗಲೇ ಕತ್ತರಿಸದೆ, ಉಂಡೆಯ ಕೆಳಗೆ ಕೊಂಬೆಯ ಅರ್ಧ ದಪ್ಪಕ್ಕೆ ಗಾಯ ಮಾಡಿ ಎಂಟು ದಿನ ಬಿಟ್ಟು, ಆಗಸ್ಟ್ 14ರಂದು ಪೂರ್ತಿ ಬೇರ್ಪಡಿಸಿದೆ. ಐದರಲ್ಲಿ ನಾಲ್ಕು ಸಿದ್ಧವಾಗಿದ್ದವು. ಐದನೆಯದನ್ನು ಬಿಚ್ಚಿ ನೋಡಿದಾಗ ಉಂಗುರದ ಒಂದು ಬದಿಯಲ್ಲಿ ಭತ್ತದ ಕಾಳಿನಷ್ಟು ಅಗಲದ ಹೊಸ ತೊಗಟೆ ಸೇತುವೆಯಂತೆ ಬೆಳೆದಿತ್ತು. ಅಲ್ಲಿ ನಾನು ಸರಿಯಾಗಿ ಕೆರೆದಿರಲಿಲ್ಲ. ಉಂಡೆಯ ಬೇರುಗಳು ಗಾಜಿನ ಕಡ್ಡಿಯಂತೆ ಪಟಪಟನೆ ಮುರಿಯುವುದರಿಂದ ಪಾಚಿಯನ್ನು ಬಿಡಿಸದೆ, ಪ್ಲಾಸ್ಟಿಕ್ಕನ್ನು ಮಾತ್ರ ಕತ್ತರಿಸಿ ತೆಗೆದು, ಎಲೆಗಳಲ್ಲಿ ಮೂರನೆಯ ಒಂದು ಪಾಲನ್ನು ಕಡಿಮೆ ಮಾಡಿ, ಕುಂಡಕ್ಕೆ ಏರಿಸಿ ಮೂರು ವಾರ ನೆರಳಿನಲ್ಲಿಟ್ಟೆ. ನವರಾತ್ರಿಯ ನಂತರ ಅಂಗಳದ ಕೆಲಸ ಆರಂಭವಾಯಿತು. ಹಳೆಯ ಗಿಡ ಬಿದ್ದ ದಿನ ನಾನು ಅಲ್ಲಿರಲಿಲ್ಲ.

ನವೆಂಬರಿನಲ್ಲಿ ನಾಲ್ಕು ಗೂಟಿ ಗಿಡಗಳನ್ನೂ ಬೇರೂರಿದ ಕಡ್ಡಿಗಳನ್ನೂ ದೇವಿಮನೆ ಘಟ್ಟದ ದಾರಿಯಾಗಿ ಕುಮಟಾಕ್ಕೆ ಇಳಿಸಿ, ಅಲ್ಲಿಂದ ಕಾರವಾರಕ್ಕೆ ತಂದೆ. ಗೂಟಿ ಗಿಡಗಳಲ್ಲಿ ಎರಡನ್ನು ಮನೆಯ ಮುಂದಿನ ನೆಲದಲ್ಲಿ ಕಾಂಪೌಂಡ್ ಗೋಡೆಯ ಪಕ್ಕಕ್ಕೆ ನೆಟ್ಟೆ, ಎರಡನ್ನು ಕುಂಡದಲ್ಲಿಯೇ ಬಿಟ್ಟೆ.

ಮುಂದಿನ ಮಾರ್ಚಿಗೆ ನೆಲದಲ್ಲಿದ್ದ ಎರಡೂ ಗಿಡಗಳ ಚಿಗುರು ಹಳದಿಯಾಯಿತು. ನರಗಳು ಹಸಿರಾಗಿ ಉಳಿದು ನಡುವಿನ ಭಾಗವೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಕೊನೆಗೆ ಬಿಳಿಚಿಕೊಂಡಿತು. ಬೇಸಿಗೆಗೆ ಮುನ್ನ ಒಳಗಿನ ಹಳೆಯ ಎಲೆಗಳು ಕೆಲವು ಹಳದಿಯಾಗಿ ಉದುರುವುದು ಅನಂತಕ್ಕೆ ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಷಿಯಮ್ ಕೊರತೆ ಇರಬಹುದು. ಆದರೆ ಹೊಸ ಚಿಗುರಿನಲ್ಲಿ ಈ ಗುರುತು ಕಂಡರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲವೆಂದೇ ಅರ್ಥ. ಕಬ್ಬಿಣವೇ ತುಂಬಿದ ಕೆಮ್ಮಣ್ಣಿನ ಜಿಲ್ಲೆಯಲ್ಲಿ ಕಬ್ಬಿಣದ ಕೊರತೆ ಹೇಗೆ ಬಂತು ಎಂಬುದು ನನಗೆ ಕೆಲವು ದಿನ ಬಿಡಿಸಲಾಗದ ಪ್ರಶ್ನೆಯಾಗಿತ್ತು. ಕುಂಡದಲ್ಲಿದ್ದ ಎರಡು ಗಿಡಗಳಿಗೆ, ಅವು ಇನ್ನೂ ಶಿರಸಿಯ ಮಣ್ಣಿನಲ್ಲಿಯೇ ಇದ್ದುದರಿಂದ, ಈ ತೊಂದರೆ ಇರಲಿಲ್ಲ.

ಬುಡದಿಂದ ಒಂದು ಅಡಿ ದೂರದಲ್ಲಿ ಅಗೆದು ಮಣ್ಣನ್ನು ಅಂಗೈಯಲ್ಲಿ ಹರಡಿದಾಗ ಉತ್ತರ ಕಂಡಿತು. ನಮ್ಮ ಮನೆಯ ಸುತ್ತಲಿನ ನೆಲ ಹಳೆಯ ಕಡಲಮರಳು. ಅದರ ತುಂಬ ಅಕ್ಕಿನುಚ್ಚಿನಷ್ಟು ಸಣ್ಣ ಚಿಪ್ಪಿನ ಚೂರುಗಳು. ಒಂದು ಚಮಚ ಮರಳಿನ ಮೇಲೆ ವಿನೇಗಾರ್ ಸುರಿದರೆ ಸೊರ್ರನೆ ನೊರೆ ಎದ್ದಿತು. ಚಿಪ್ಪು ಎಂದರೆ ಸುಣ್ಣವೇ. ಇನ್ನೊಂದು ಬದಿಯಲ್ಲಿ ಕಾಂಪೌಂಡ್ ಗೋಡೆಯ ಹೊಸ ಸಿಮೆಂಟ್ ಗಾರೆಯಿಂದ ಮಳೆಯ ನೀರಿನೊಡನೆ ಸುಣ್ಣ ಇಳಿಯುತ್ತಿತ್ತು. ಶುದ್ಧ ನೀರಿನಲ್ಲಿ ಮಣ್ಣನ್ನು ಕಲಸಿ, ತಿಳಿಯಾದ ಮೇಲೆ ಹುಳಿಯ ಮಟ್ಟ ತೋರಿಸುವ ಪಿಎಚ್ ಪಟ್ಟಿ ಅದ್ದಿದಾಗ 8 ಎಂದು ತೋರಿಸಿತು (7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಸುಣ್ಣದ ಗುಣ). ಅನಂತಕ್ಕೆ ಬೇಕಾದದ್ದು 5ರಿಂದ 6ರ ಒಳಗೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣ ಹೆಚ್ಚಾದ ಕಡೆ ಅದು ನೀರಿನಲ್ಲಿ ಕರಗದ ರೂಪದಲ್ಲಿ ಉಳಿಯುತ್ತದೆ. ಬೇರು ಅದನ್ನು ಎತ್ತಲಾರದು.

ಮೊದಲಿಗೆ ನಾನು ಎಲೆಗೆ ಔಷಧಿ ಮಾಡಿದೆ. ಅಂಗಡಿಯಲ್ಲಿ ಅನ್ನಭೇದಿ ಎಂದು ಸಿಗುವ ಫೆರಸ್ ಸಲ್ಫೇಟನ್ನು ಲೀಟರ್ ನೀರಿಗೆ 3 ಗ್ರಾಂನಂತೆ ಕರಗಿಸಿ, ಕೆಲವು ಹನಿ ನಿಂಬೆರಸ ಸೇರಿಸಿ, ಬಿಸಿಲಿಳಿದ ಮೇಲೆ ಹದಿನೈದು ದಿನಗಳ ಅಂತರದಲ್ಲಿ ಎರಡು ಸಲ ಸಿಂಪಡಿಸಿದೆ. ಹನಿ ಬಿದ್ದ ಜಾಗದಲ್ಲಿ ಮಾತ್ರ ಹಸಿರು ಚುಕ್ಕೆಗಳು ಮೂಡಿದವು. ಆಮೇಲೆ ಬಂದ ಚಿಗುರು ಮತ್ತೆ ಹಳದಿಯೇ. ಕಬ್ಬಿಣ ಎಲೆಯಿಂದ ಎಲೆಗೆ ಸಾಗುವುದಿಲ್ಲ. ಕಿಲೇಟ್ ರೂಪದ, ಅಂದರೆ ಕರಗಿದ ಸ್ಥಿತಿಯಲ್ಲಿಯೇ ಉಳಿಯುವಂತೆ ಬೇರೊಂದು ವಸ್ತು ಹಿಡಿದಿಟ್ಟ ಕಬ್ಬಿಣವನ್ನು ಬುಡಕ್ಕೆ ಕೊಡುವುದಾದರೂ, ಸಾಮಾನ್ಯವಾಗಿ ಸಿಗುವ ಇಡಿಟಿಎ ಎಂಬ ಬಗೆ ಇಂಥ ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಇಡಿಡಿಎಚ್‌ಎ ಎಂಬ ಬಗೆಯೇ ಬೇಕು; ಅದಕ್ಕೆ ಬೆಲೆಯೂ ಹೆಚ್ಚು. ಗಂಧಕ ಹಾಕಿ ಮಣ್ಣನ್ನು ಹುಳಿಯಾಗಿಸುವ ಉಪಾಯ ಚಿಪ್ಪಿಲ್ಲದ ನೆಲಕ್ಕೆ ಸರಿ. ಇಲ್ಲಿ ಹುಟ್ಟಿದ ಹುಳಿಯನ್ನೆಲ್ಲ ಆ ಚೂರುಗಳೇ ತಿಂದು ಮುಗಿಸುತ್ತವೆ, ಮತ್ತು ಚೂರುಗಳಿಗೆ ಕೊನೆಯಿಲ್ಲ. ಮಣ್ಣನ್ನೇ ಬದಲಿಸುವುದಲ್ಲದೆ ಬೇರೆ ಪರಿಹಾರ ನನಗೆ ಕಾಣಲಿಲ್ಲ.

2023ರ ಮೇ ಕೊನೆಯ ವಾರ, ಮಳೆಗೆ ಮುನ್ನ, ಗೋಡೆಯಿಂದ ಐದು ಅಡಿ ಈಚೆಗೆ ಒಂದು ಎತ್ತರದ ಪಾತಿಯನ್ನು ಕಟ್ಟಿದೆ. ಉದ್ದ ಎಂಟು ಅಡಿ, ಅಗಲ ಮೂರು ಅಡಿ, ಎತ್ತರ ಒಂದೂವರೆ ಅಡಿ. ಸುತ್ತಲೂ ಚಿರೇಕಲ್ಲುಗಳನ್ನು ಗಾರೆಯಿಲ್ಲದೆ ಒಣಕಟ್ಟಾಗಿ ಜೋಡಿಸಿದೆ. ಗಾರೆ ಹಾಕಿದರೆ ತಪ್ಪಿಸಿಕೊಳ್ಳಲು ಹೊರಟ ಸುಣ್ಣವನ್ನೇ ಮತ್ತೆ ಕರೆತಂದಂತೆ, ಮೇಲಾಗಿ ಸಂದಿಗಳಿದ್ದರೆ ನೀರು ಸುಲಭವಾಗಿ ಹೊರಗೆ ಹೋಗುತ್ತದೆ. ತಳಕ್ಕೆ ನಾಲ್ಕು ಅಂಗುಲ ಚಿರೇಕಲ್ಲಿನ ಜಲ್ಲಿ, ಅದರ ಮೇಲೆ ಗುಡ್ಡದ ಕೆಮ್ಮಣ್ಣು ಎರಡು ಪಾಲು, ಚಿಕ್ಕಮ್ಮನ ತೋಟದ ಗುಂಡಿಯಲ್ಲಿ ಎರಡು ವರ್ಷ ಕೊಳೆತ ದರಕಿನ (ಉದುರಿದ ಒಣ ಎಲೆಯ) ಗೊಬ್ಬರ ಒಂದು ಪಾಲು, ತೊಳೆದ ನಾರಿನ ಪುಡಿ ಒಂದು ಪಾಲು. ಈ ಮಿಶ್ರಣಕ್ಕೆ ಪಟ್ಟಿ 6 ಎಂದು ತೋರಿಸಿತು. ಗಿಡಗಳನ್ನು ಕಿತ್ತಾಗ ಬೇರಿಗೆ ಅಂಟಿದ್ದ ಮರಳನ್ನು ಬಕೆಟ್ ನೀರಿನಲ್ಲಿ ಅದ್ದಿ ಆದಷ್ಟು ತೊಳೆದೆ. ಮೊದಲು ಮಣ್ಣಿನಲ್ಲಿ ಎಷ್ಟು ಆಳದಲ್ಲಿತ್ತೋ ಅದಕ್ಕಿಂತ ಅರ್ಧ ಅಂಗುಲ ಮೇಲೆ ನೆಟ್ಟು, ಬುಡ ಮುಚ್ಚದಂತೆ ಸುತ್ತಲೂ ದರಕು ಹಾಸಿದೆ. ಬಾವಿಯ ನೀರು ಬೇಸಿಗೆಯಲ್ಲಿ ಸವಳಾಗುವುದರಿಂದ, ಮಾಡಿನ ನೀರನ್ನು ಎರಡು ಡ್ರಮ್ಮುಗಳಲ್ಲಿ ಹಿಡಿದು ಈ ಪಾತಿಗೆಂದೇ ಮೀಸಲಿಟ್ಟೆ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಆ ನಾಲ್ಕು ತಿಂಗಳಲ್ಲಿ ಪಾತಿಯಲ್ಲಿ ಒಂದು ದಿನವೂ ನೀರು ನಿಲ್ಲಲಿಲ್ಲ. ಆಶ್ಲೇಷ ಮಳೆಯ ಹೊತ್ತಿಗೆ ಬಂದ ಚಿಗುರು ಸಂಪೂರ್ಣ ಹಸಿರಾಗಿತ್ತು. ಬಿಳಿಚಿದ್ದ ಹಳೆಯ ಎಲೆಗಳು ಸರಿಹೋಗಲಿಲ್ಲ. ಅವು ಉದುರಿ ಜಾಗ ಬಿಟ್ಟವು.

ಸೆಪ್ಟೆಂಬರಿನಲ್ಲಿ ಒಂದು ಗಿಡದ ತುದಿ ಎಲೆಗಳು ಎರಡೇ ರಾತ್ರಿಗಳಲ್ಲಿ ಮಾಯವಾದವು. ಹುಡುಕಿದಾಗ ಎಲೆಯಷ್ಟೇ ಹಸಿರಾದ, ಬಾಲದ ತುದಿಯಲ್ಲಿ ಕೊಂಬಿನಂಥ ಮುಳ್ಳಿರುವ ಕಂಬಳಿಹುಳು ಸಿಕ್ಕಿತು. ಕಾಫಿ ಕುಟುಂಬದ ಗಿಡಗಳನ್ನು ತಿನ್ನುವ, ಪಾರದರ್ಶಕ ರೆಕ್ಕೆಯ, ದುಂಬಿಯಂತೆ ಹಾರುವ ಹಾಕ್ ಪತಂಗದ ಮರಿ ಅದು. ಮೂರೇ ಇದ್ದುದರಿಂದ ಕೈಯಲ್ಲಿ ತೆಗೆದು ದೂರದ ಕೇಪಳದ ಪೊದೆಗೆ ಬಿಟ್ಟೆ. ಹಿಟ್ಟು ತಿಗಣೆಯ ಕಾಟ ಇದಕ್ಕಿಂತ ಹೆಚ್ಚಿನದು. ಅದು ಬಂದಿದೆಯೆಂದು ಮೊದಲು ತಿಳಿಸುವುದು ಕಾಂಡದ ಮೇಲೆ ಸಾಲುಗಟ್ಟುವ ಇರುವೆಗಳು ಮತ್ತು ಎಲೆಯ ಮೇಲೆ ಕೂರುವ ಕಪ್ಪು ಬೂಷ್ಟು. ಸಾಬೂನು ಬೆರೆಸಿದ ಬೇವಿನ ಎಣ್ಣೆಯನ್ನು ಲೀಟರಿಗೆ 5 ಮಿಲಿಲೀಟರಿನಂತೆ ಎಲೆಯ ಅಡಿಗೆ ತಾಗುವ ಹಾಗೆ ವಾರಕ್ಕೊಮ್ಮೆ ಮೂರು ಸಲ ಹೊಡೆದ ಮೇಲೆ ಅದು ಹತೋಟಿಗೆ ಬಂತು.

2024ರ ಜನವರಿಯಲ್ಲಿ ಎರಡೂ ಗಿಡಗಳು ಮೊಗ್ಗು ಕಟ್ಟಿದವು. ನಲವತ್ತಕ್ಕೂ ಹೆಚ್ಚು ಮೊಗ್ಗುಗಳನ್ನು ಎಣಿಸಿದ್ದೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಅವುಗಳಲ್ಲಿ ಬಹುಪಾಲು, ಇನ್ನೂ ಹಸಿರಾಗಿ ಬಿಗಿದುಕೊಂಡಿರುವಾಗಲೇ, ಬುಡದಲ್ಲಿ ಬಿದ್ದಿದ್ದವು. ಹುಳುವಿನ ಗುರುತಿರಲಿಲ್ಲ. ಚಳಿಗಾಲದ ಬೆಳಗ್ಗೆ ನಮ್ಮಲ್ಲಿ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಮಧ್ಯಾಹ್ನ ತಿರುಗಿ ಕಡಲ ಗಾಳಿ. ಒಂದೇ ದಿನದಲ್ಲಿ ಗಿಡ ಎರಡು ಹವೆಗಳನ್ನು ಕಾಣುತ್ತದೆ. ಇದರ ಮೇಲೆ ನಾನು ಊರಿಗೆ ಹೋದಾಗ ನಾಲ್ಕು ದಿನ ನೀರು ತಪ್ಪಿ, ಬಂದ ಮೇಲೆ ಒಮ್ಮೆಲೇ ತುಂಬಿಸಿದ್ದೆ. ಅನಂತ ಮೊಗ್ಗು ಹಿಡಿದಿರುವಾಗ ತೇವದ ಏರಿಳಿತವನ್ನು ಸಹಿಸುವುದಿಲ್ಲ. ಮೊಗ್ಗನ್ನು ಬಿಟ್ಟುಕೊಟ್ಟು ಎಲೆಯನ್ನು ಉಳಿಸಿಕೊಳ್ಳುತ್ತದೆ. ಪಾತಿಯ ಪೂರ್ವಕ್ಕೆ ಮಡಲಿನ ತಟ್ಟಿ ಕಟ್ಟಿದೆ, ದರಕಿನ ಹಾಸನ್ನು ಮೂರು ಅಂಗುಲಕ್ಕೆ ಏರಿಸಿದೆ, ಮಣ್ಣಿನಲ್ಲಿ ಬೆರಳನ್ನು ಎರಡನೆಯ ಗಂಟಿನವರೆಗೆ ಇಳಿಸಿ ತೇವ ನೋಡಿ ಬೆಳಗ್ಗೆ ಮಾತ್ರ ನೀರು ಕೊಡತೊಡಗಿದೆ. ಮೊಗ್ಗು ಇರುವಾಗ ಗೊಬ್ಬರ ಹಾಕಲಿಲ್ಲ.

ಉಳಿದ ಮೊಗ್ಗುಗಳಲ್ಲಿ ಮೊದಲನೆಯದು ಏಪ್ರಿಲ್ 19ರ ಸಂಜೆ ಅರಳಿತು. ಅಂದು ಹಾಲಿನಂತೆ ಬಿಳಿ, ಮರುದಿನ ಬೆಣ್ಣೆಯ ಬಣ್ಣ, ಮೂರನೆಯ ದಿನಕ್ಕೆ ಹಳೆಯ ಕಾಗದದಂತೆ ಹಳದಿ; ಪರಿಮಳ ಮಾತ್ರ ಕೊನೆಯ ತನಕ ಹೋಗಲಿಲ್ಲ. ಮೇ ಮುಗಿಯುವವರೆಗೆ 17 ಹೂಗಳಾದವು. ಹೂ ಮುಗಿದ ಕೂಡಲೇ ತುದಿಗಳನ್ನು ಎರಡು ಗೆಣ್ಣಿನಷ್ಟು ಸವರಿದೆ. ಇದನ್ನು ತಡಮಾಡಿದರೆ ಮುಂದಿನ ವರ್ಷದ ಮೊಗ್ಗು ಕಟ್ಟುವ ಕೊನೆಗಳೇ ಕತ್ತರಿಗೆ ಸಿಗುತ್ತವೆ.

ಕಡ್ಡಿಯ 13 ಗಿಡಗಳಲ್ಲಿ ಎರಡು ಮೊದಲ ಬೇಸಿಗೆಯಲ್ಲಿಯೇ ಒಣಗಿದವು, ಏಳು ನೆರೆಹೊರೆಯವರ ಮನೆಗಳಿಗೆ ಹೋದವು. ಕೊಡುವಾಗ ಒಬ್ಬೊಬ್ಬರ ಹಿತ್ತಲಿನ ಮಣ್ಣಿಗೂ ವಿನೇಗಾರ್ ಹಾಕಿ ನೋಡಿ, ನೊರೆ ಬಂದ ಕಡೆ ಕುಂಡದಲ್ಲಿಯೇ ಬೆಳೆಸಲು ಹೇಳಿದ್ದೇನೆ. ಕುಂಡದಲ್ಲಿದ್ದ ಗೂಟಿ ಗಿಡಗಳಲ್ಲಿ ಉತ್ತಮವಾದುದನ್ನು 2024ರ ಜೂನ್‌ನಲ್ಲಿ ಮರಳಿ ಶಿರಸಿಗೆ ಒಯ್ದೆ. ಹೊಸ ಅಂಗಳದ ಅಂಚಿನಲ್ಲಿಯೇ ನೆಡಬೇಕೆಂದು ಚಿಕ್ಕಮ್ಮನಿಗೆ ಆಸೆಯಿತ್ತು. ಸಿಮೆಂಟಿನ ಮೇಲಿನ ನೀರು ಹರಿದು ಬಾರದ ಮೇಲ್ಬದಿಗೆ, ಹಳೆಯ ಗಿಡವಿದ್ದ ಜಾಗದಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಗುಂಡಿ ತೆಗೆದು ನೆಟ್ಟೆವು. ಅಲ್ಲಿಂದ ಜಗಲಿ ನೇರವಾಗಿ ಗಾಳಿಯ ದಾರಿಯಲ್ಲಿದೆ ಎಂದು ಚಿಕ್ಕಮ್ಮ ನಿಂತು ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಮಣ್ಣು ಮುಚ್ಚಿದೆವು.